ಕಕ್ಷೆಯಲ್ಲೇ ಉಪಗ್ರಹಗಳ ದುರಸ್ತಿ: ಈ ವೃತ್ತಿಗೆ ಉತ್ತರ ಕನ್ನಡದಿಂದ ಹೊರಡುವ ದಾರಿ

ಭೂಮಿಯಿಂದ 35,786 ಕಿಲೋಮೀಟರ್ ಎತ್ತರದ ಭೂಸ್ಥಿರ ಕಕ್ಷೆಯಲ್ಲಿ ಹದಿನೈದು ವರ್ಷ ದುಡಿದ ಸಂವಹನ ಉಪಗ್ರಹವೊಂದನ್ನು ನಿವೃತ್ತಿಗೊಳಿಸುವ ಹೊತ್ತಿಗೆ ಅದರ ಆಂಟೆನಾ, ಸೌರ ಫಲಕ ಮತ್ತು ಎಲೆಕ್ಟ್ರಾನಿಕ್ ಉಪಕರಣಗಳು ಎಷ್ಟೋ ಸಲ ಸುಸ್ಥಿತಿಯಲ್ಲೇ ಇರುತ್ತವೆ. ಮುಗಿದಿರುವುದು ಅದನ್ನು ತನ್ನ ಜಾಗದಲ್ಲಿ ನಿಲ್ಲಿಸಿಡುವ ಇಂಧನ ಮಾತ್ರ. ಜೂನ್ ಮತ್ತು ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಗಳನ್ನು ದಡಕ್ಕೆಳೆದು, ತಳ ಕೆರೆದು, ಎಂಜಿನ್ ಬಿಚ್ಚಿ ಸರಿಪಡಿಸುತ್ತಾರೆ. ಉಪಗ್ರಹಕ್ಕೆ ಅಂಥ ದಡ ಇರಲಿಲ್ಲ. ಇಂಧನ ತುಂಬುವುದು, ಕೆಟ್ಟ ಭಾಗ ಬದಲಿಸುವುದು, ಕಕ್ಷೆ ತಿದ್ದುವುದು, ಸತ್ತ ಉಪಗ್ರಹವನ್ನು ಹಿಡಿದು ಸುರಕ್ಷಿತ ಜಾಗಕ್ಕೆ ಸಾಗಿಸುವುದು, ಇವೆಲ್ಲವನ್ನೂ ಅಲ್ಲೇ ಮಾಡುವ ವಿದ್ಯೆಗೆ ಇನ್-ಆರ್ಬಿಟ್ ಸರ್ವಿಸಿಂಗ್ ಎಂದು ಹೆಸರು. ಕಾರವಾರ, ಶಿರಸಿ, ಕುಮಟಾ, ಹಳಿಯಾಳದ ಕಡೆಯ ವಿದ್ಯಾರ್ಥಿಗಳು ಈ ಕ್ಷೇತ್ರವನ್ನು ವೃತ್ತಿಯಾಗಿ ಹಿಡಿಯಬೇಕೆಂದರೆ ಯಾವ ಕ್ರಮದಲ್ಲಿ ಸಾಗಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ಕ್ಷೇತ್ರ ಎಲ್ಲಿಗೆ ಬಂದಿದೆ ಎಂದು ತಿಳಿಯಿರಿ

ಈ ಕೆಲಸ ಆರಂಭವಾದದ್ದು ಗಗನಯಾತ್ರಿಗಳ ಕೈಯಿಂದ. 1984ರಲ್ಲಿ ಸೋಲಾರ್ ಮ್ಯಾಕ್ಸ್ ಉಪಗ್ರಹವನ್ನು ಅಮೆರಿಕದ ಷಟಲ್ ಯಾತ್ರಿಗಳು ಕಕ್ಷೆಯಲ್ಲೇ ಸರಿಪಡಿಸಿದರು. 1993ರಿಂದ 2009ರ ನಡುವೆ ಹಬಲ್ ದೂರದರ್ಶಕಕ್ಕೆ ಐದು ಬಾರಿ ಸೇವೆ ಸಂದಿತು. ಮನುಷ್ಯರಿಲ್ಲದ ನೌಕೆಗಳ ಡಾಕಿಂಗ್ (ಎರಡು ನೌಕೆಗಳನ್ನು ಕಕ್ಷೆಯಲ್ಲೇ ಕೂಡಿಸುವುದು) ಮತ್ತು ರೋಬಾಟಿಕ್ ತೋಳಿನ ಪ್ರಯೋಗಗಳನ್ನು ಜಪಾನ್ 1997ರಲ್ಲಿ ಹಾರಿಸಿದ ಇಟಿಎಸ್-7 ಉಪಗ್ರಹ ಮಾಡಿ ತೋರಿಸಿತು, 2007ರಲ್ಲಿ ಅಮೆರಿಕದ ಆರ್ಬಿಟಲ್ ಎಕ್ಸ್‌ಪ್ರೆಸ್ ಯೋಜನೆ ಒಂದು ನೌಕೆಯಿಂದ ಇನ್ನೊಂದಕ್ಕೆ ಇಂಧನವನ್ನೂ ವರ್ಗಾಯಿಸಿತು. ವಾಣಿಜ್ಯ ಸೇವೆಯಾಗಿ ಇದು ನಿಂತದ್ದು 2020ರ ಫೆಬ್ರವರಿ 25ರಂದು. ಅಂದು ಎಂಇವಿ-1 ಎಂಬ ನೌಕೆಯು ಇಂಧನ ಮುಗಿಯುತ್ತ ಬಂದಿದ್ದ ಇಂಟೆಲ್‌ಸ್ಯಾಟ್ 901 ಉಪಗ್ರಹಕ್ಕೆ ಕೂಡಿಕೊಂಡು ಅದರ ಆಯುಷ್ಯವನ್ನು ಐದು ವರ್ಷ ಹೆಚ್ಚಿಸಿತು. ಇಂಟೆಲ್‌ಸ್ಯಾಟ್ 901ನ್ನು ರಚಿಸಿದವರು ಮುಂದೊಂದು ದಿನ ಅದಕ್ಕೆ ಬೇರೊಂದು ನೌಕೆ ಕೂಡಿಕೊಳ್ಳುತ್ತದೆ ಎಂದು ಎಣಿಸಿರಲಿಲ್ಲ, ಡಾಕಿಂಗ್‌ಗೆ ಬೇಕಾದ ಯಾವ ಏರ್ಪಾಟೂ ಅದರಲ್ಲಿರಲಿಲ್ಲ. ಆದ್ದರಿಂದ ಎಂಇವಿ-1 ತನ್ನ ಕೊಂಡಿಯನ್ನು ಆ ಉಪಗ್ರಹದ ಹಳೆಯ ಎಂಜಿನ್‌ನ ನಳಿಕೆಯೊಳಗೆ ತೂರಿಸಿ ಹಿಡಿದುಕೊಂಡಿತು. ಈ ಕ್ಷೇತ್ರದ ಬುದ್ಧಿವಂತಿಕೆ ಎಲ್ಲಿ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರುತ್ತಿಲ್ಲ.

ಭಾರತದ ಮಟ್ಟಿಗೆ ಇಸ್ರೋದ ಡಾಕಿಂಗ್ ಪ್ರಯೋಗವಾದ ಸ್ಪೇಡೆಕ್ಸ್ ಯೋಜನೆಯನ್ನು ವಿವರವಾಗಿ ಓದಲೇಬೇಕು. 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ-ಸಿ60 ವಾಹನವು ತಲಾ ಸುಮಾರು 220 ಕಿಲೋ ತೂಕದ ಎರಡು ಉಪಗ್ರಹಗಳನ್ನು 475 ಕಿಲೋಮೀಟರ್ ಎತ್ತರದ, 55 ಡಿಗ್ರಿ ವಾಲಿದ ಕಕ್ಷೆಗೆ ಒಯ್ದಿತು. ಮೊದಲು ಗೊತ್ತುಪಡಿಸಿದ್ದ ದಿನ ಡಾಕಿಂಗ್ ನಡೆಯಲಿಲ್ಲ. ಎರಡು ನೌಕೆಗಳ ನಡುವಿನ ಸರಿತ (ಡ್ರಿಫ್ಟ್) ನಿರೀಕ್ಷೆಗಿಂತ ಹೆಚ್ಚಾದಾಗ ತಂಡವು ಅವುಗಳನ್ನು ತಡೆದು ನಿಲ್ಲಿಸಿತು, ನಂತರ 15 ಮೀಟರ್ ಮತ್ತು 3 ಮೀಟರ್ ದೂರದವರೆಗೆ ತಂದು ಹಿಂದಕ್ಕೆ ಕಳಿಸಿ ಪರೀಕ್ಷಿಸಿತು, ಕೊನೆಗೆ 2025ರ ಜನವರಿ 16ರಂದು ಎರಡನ್ನೂ ಕೂಡಿಸಿತು. ಮಾರ್ಚ್ 13ರಂದು ಬೇರ್ಪಡಿಸಿ, ಏಪ್ರಿಲ್‌ನಲ್ಲಿ ಮತ್ತೆ ಕೂಡಿಸಿ, ಒಂದರಿಂದ ಇನ್ನೊಂದಕ್ಕೆ ವಿದ್ಯುತ್ತನ್ನು ಹರಿಸಲಾಯಿತು. ಅಮೆರಿಕ, ರಷ್ಯಾ ಮತ್ತು ಚೀನಾದ ನಂತರ ಈ ಸಾಮರ್ಥ್ಯ ತೋರಿದ ನಾಲ್ಕನೆಯ ದೇಶ ನಮ್ಮದು ಎಂಬುದು ಇಸ್ರೋದ ಲೆಕ್ಕ, ಮೇಲೆ ಹೇಳಿದ ಜಪಾನಿನ ಪ್ರಯೋಗ ಅದರಲ್ಲಿ ಸೇರಿಲ್ಲ. ಆ ದಿನಗಳ ಇಸ್ರೋ ಪ್ರಕಟಣೆಗಳನ್ನು ದಿನಾಂಕದ ಕ್ರಮದಲ್ಲಿ ಓದಿ, ಯಾವ ದೂರದಲ್ಲಿ ಏಕೆ ನಿಲ್ಲಿಸಿದರು, ಅಲ್ಲಿ ಯಾವ ಸಂವೇದಕವನ್ನು ಪರೀಕ್ಷಿಸಿದರು ಎಂದು ಟಿಪ್ಪಣಿ ಮಾಡಿಕೊಂಡರೆ, ಒಂದು ವಾರದ ಓದಿನಿಂದಲೇ ಈ ವೃತ್ತಿಯ ಸ್ವಭಾವ ಅರ್ಥವಾಗುತ್ತದೆ.

ಎರಡನೆಯ ಹೆಜ್ಜೆ: ಸಿಸ್ಟಮ್ಸ್ ಎಂಜಿನಿಯರ್ ಏನು ಮಾಡುತ್ತಾರೆಂದು ಸ್ಪಷ್ಟಪಡಿಸಿಕೊಳ್ಳಿ

ಉಪಗ್ರಹದಲ್ಲಿ ವಿದ್ಯುತ್, ಉಷ್ಣ ನಿಯಂತ್ರಣ, ದಿಕ್ಕು ಮತ್ತು ಕಕ್ಷೆಯ ನಿಯಂತ್ರಣ, ನೋದನ (ನೌಕೆಯನ್ನು ತಳ್ಳುವ ಎಂಜಿನ್ ವ್ಯವಸ್ಥೆ), ಸಂವಹನ, ಕಂಪ್ಯೂಟರ್, ಚೌಕಟ್ಟು ಎಂಬ ಉಪವ್ಯವಸ್ಥೆಗಳಿರುತ್ತವೆ ಮತ್ತು ಪ್ರತಿಯೊಂದಕ್ಕೂ ತಜ್ಞರ ತಂಡವಿರುತ್ತದೆ. ಸಿಸ್ಟಮ್ಸ್ ಎಂಜಿನಿಯರ್ ಆದವರು ಈ ತಂಡಗಳ ನಡುವಿನ ಗಡಿಗಳನ್ನು ಕಾಯುತ್ತಾರೆ. ಯೋಜನೆಯ ಉದ್ದೇಶವನ್ನು ಅಳೆಯಬಹುದಾದ ಅಗತ್ಯಗಳ ರೂಪದಲ್ಲಿ ಬರೆಯುವುದು, ತೂಕ, ವಿದ್ಯುತ್, ಇಂಧನ ಮತ್ತು ದತ್ತಾಂಶವನ್ನು ಎಲ್ಲ ತಂಡಗಳಿಗೂ ಹಂಚುವುದು, ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಯಾವ ತಂತಿಯಲ್ಲಿ ಯಾವ ಮಾನದಲ್ಲಿ ಏನು ಹೋಗುತ್ತದೆ ಎಂಬ ಇಂಟರ್‌ಫೇಸ್ ದಾಖಲೆಯನ್ನು ಕಾಪಾಡುವುದು, ಯಾವುದು ಕೆಟ್ಟರೆ ಏನಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕುವುದು ಮತ್ತು ಪ್ರತಿಯೊಂದು ಅಗತ್ಯವೂ ಈಡೇರಿದೆ ಎಂಬುದಕ್ಕೆ ಪರೀಕ್ಷೆಯ ಪುರಾವೆ ಸಂಗ್ರಹಿಸುವುದು ಅವರ ಹೊಣೆ. ಉಡಾವಣೆಯ ಚಿತ್ರಗಳಲ್ಲಿ ಈ ಕೆಲಸ ಕಾಣುವುದಿಲ್ಲ. ಬಹುಪಾಲು ಬರವಣಿಗೆ, ಲೆಕ್ಕ, ಸಭೆ ಮತ್ತು ಪರೀಕ್ಷಾಗಾರದಲ್ಲಿ ನಡೆಯುತ್ತದೆ.

ಗಡಿ ಕಾಯುವವರು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1999ರಲ್ಲಿ ಕಳೆದುಹೋದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಪ್ರಸಿದ್ಧ ಉದಾಹರಣೆ: ಒಂದು ತಂಡದ ತಂತ್ರಾಂಶ ಪೌಂಡ್ ಮಾನದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ತಂಡದ ತಂತ್ರಾಂಶ ನ್ಯೂಟನ್ ಎಂದು ಓದಿತು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ನಾಸಾದ ಡಾರ್ಟ್ ನೌಕೆಯ ಪ್ರಸಂಗ. ಅದೇ ಹೆಸರಿನ, ಕ್ಷುದ್ರಗ್ರಹಕ್ಕೆ ಡಿಕ್ಕಿ ಹೊಡೆದ ನೌಕೆ ಬೇರೆ. ಇದು 2005ರ ಏಪ್ರಿಲ್‌ನಲ್ಲಿ ಮಬ್ಲ್‌ಕಾಮ್ ಎಂಬ ಉಪಗ್ರಹದ ಸಮೀಪಕ್ಕೆ ಮನುಷ್ಯರ ನೆರವಿಲ್ಲದೆ ಹೋಗಬೇಕಿದ್ದ ನೌಕೆ. ಅದರ ಜಿಪಿಎಸ್ ಗ್ರಾಹಕ ಕೊಡುತ್ತಿದ್ದ ವೇಗದ ಅಳತೆ ಸೆಕೆಂಡಿಗೆ ಸುಮಾರು 0.6 ಮೀಟರಿನಷ್ಟು ತಪ್ಪಾಗಿತ್ತು. ಲೆಕ್ಕ ಹೊಂದದೆ ನೌಕೆಯ ಕಂಪ್ಯೂಟರ್ ತನ್ನ ಸ್ಥಾನದ ಅಂದಾಜನ್ನು ಪದೇ ಪದೇ ಹೊಸದಾಗಿ ಆರಂಭಿಸಿತು, ದಾರಿ ತಿದ್ದುವುದರಲ್ಲೇ ಇಂಧನ ಕರಗಿತು, ಕೊನೆಗೆ ನೌಕೆ ತಾನು ಭೇಟಿಯಾಗಬೇಕಿದ್ದ ಉಪಗ್ರಹಕ್ಕೇ ತಾಗಿತು. ಗ್ರಾಹಕ, ತಂತ್ರಾಂಶ ಮತ್ತು ಇಂಧನದ ಲೆಕ್ಕಗಳು ಒಂದನ್ನೊಂದು ಕಾಡುತ್ತ ಹೋದ ಬಗೆಯನ್ನು ಗಮನಿಸಿ. ಒಂದು ಉಪವ್ಯವಸ್ಥೆಯನ್ನಷ್ಟೇ ಬಲ್ಲವರಿಗೆ ಇಂಥದ್ದು ಮೊದಲೇ ಕಾಣುವುದು ಕಷ್ಟ, ಯಾವ ಉಪವ್ಯವಸ್ಥೆಯನ್ನೂ ಆಳವಾಗಿ ಅರಿಯದವರಿಗೂ ಅಷ್ಟೇ ಕಷ್ಟ.

ಹಾಗಾಗಿ ನನ್ನ ಖಚಿತ ಸಲಹೆ ಇದು: ನೇರವಾಗಿ ಸಿಸ್ಟಮ್ಸ್ ಎಂಜಿನಿಯರ್ ಆಗಲು ಹೊರಡಬೇಡಿ. ಮೊದಲು ಒಂದು ವಿಷಯದಲ್ಲಿ ಗಟ್ಟಿಯಾಗಿ, ಜೊತೆಗೇ ಅಕ್ಕಪಕ್ಕದ ವಿಷಯಗಳ ಭಾಷೆಯನ್ನು ಕಲಿಯುತ್ತ ಹೋಗಿ.

ಮೂರನೆಯ ಹೆಜ್ಜೆ: ಶಾಲೆ, ಪಿಯುಸಿ ಮತ್ತು ಶಾಖೆಯ ಆಯ್ಕೆ

ಒಂಬತ್ತನೇ ತರಗತಿಯ ಮಕ್ಕಳಿಗಾಗಿ ಇಸ್ರೋ 2019ರಿಂದ ಯುವಿಕಾ ಎಂಬ ವಸತಿಸಹಿತ ಕಾರ್ಯಕ್ರಮ ನಡೆಸುತ್ತಿದ್ದು, ಗ್ರಾಮೀಣ ಶಾಲೆಯ ಮಕ್ಕಳಿಗೆ ಆಯ್ಕೆಯಲ್ಲಿ ಆದ್ಯತೆ ಇದೆ. ಸಿದ್ದಾಪುರ, ಜೊಯಿಡಾ ಕಡೆಯ ಶಾಲೆಗಳ ಶಿಕ್ಷಕರು ಆ ಅರ್ಜಿಯ ದಿನಾಂಕವನ್ನು ಗಮನದಲ್ಲಿಟ್ಟುಕೊಳ್ಳಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಅನಿವಾರ್ಯ. ಸದಿಶಗಳು, ಕಲನಶಾಸ್ತ್ರ, ಮಾತೃಕೆಗಳು, ಗುರುತ್ವ ಮತ್ತು ವೃತ್ತೀಯ ಚಲನೆ, ಇಷ್ಟನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡದೆ ಸ್ವತಃ ಸಾಧಿಸಿ ನೋಡಿದವರಿಗೆ ಮುಂದಿನ ದಾರಿಯ ಅರ್ಧ ಸುಗಮವಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಪರಿಭಾಷೆಗೆ ಅಂಜಬೇಕಾಗಿಲ್ಲ. ಒಂದು ನೋಟುಪುಸ್ತಕದಲ್ಲಿ ಪ್ರತಿ ಹೊಸ ಪದದ ಎದುರು ಅದರ ಸಮೀಕರಣ ಮತ್ತು ಮಾನವನ್ನು ಬರೆದುಕೊಳ್ಳುತ್ತ ಹೋದರೆ ಒಂದು ವರ್ಷದೊಳಗೆ ಆ ತೊಡಕು ನೀಗುತ್ತದೆ. ಸಿಇಟಿಯಲ್ಲಿ ಕನ್ನಡ ಮಾಧ್ಯಮಕ್ಕೂ ಗ್ರಾಮೀಣ ವ್ಯಾಸಂಗಕ್ಕೂ ಇರುವ ಮೀಸಲಾತಿಯ ಪ್ರಮಾಣಪತ್ರಗಳನ್ನು ಶಾಲೆಯಿಂದ ಮೊದಲೇ ಪಡೆದಿಟ್ಟುಕೊಳ್ಳಿ.

ಶಾಖೆಯ ವಿಷಯದಲ್ಲಿ ಅನೇಕ ಪಾಲಕರು ಏರೋಸ್ಪೇಸ್ ಎಂಬ ಹೆಸರೇ ಬೇಕೆಂದು ಹಟ ಹಿಡಿಯುತ್ತಾರೆ. ಅದರ ಅಗತ್ಯವಿಲ್ಲ. ಇಸ್ರೋ ತನ್ನ ಕೇಂದ್ರೀಕೃತ ನೇಮಕಾತಿಯಲ್ಲಿ ಮುಖ್ಯವಾಗಿ ಕರೆಯುವುದು ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಮತ್ತು ಕಂಪ್ಯೂಟರ್ ಸೈನ್ಸ್ ಪದವೀಧರರನ್ನು. ರೋಬಾಟಿಕ್ ತೋಳು ಮತ್ತು ಡಾಕಿಂಗ್ ಯಂತ್ರಭಾಗಗಳಿಗೆ ಮೆಕ್ಯಾನಿಕಲ್, ಸಂವೇದಕ ಹಾಗೂ ವಿದ್ಯುತ್ ವ್ಯವಸ್ಥೆಗೆ ಎಲೆಕ್ಟ್ರಾನಿಕ್ಸ್, ಕ್ಯಾಮೆರಾ ನೋಡಿ ದಾರಿ ಹುಡುಕುವ ತಂತ್ರಾಂಶಕ್ಕೆ ಕಂಪ್ಯೂಟರ್ ಸೈನ್ಸ್ ಸಮರ್ಪಕ ತಳಹದಿ. ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಹಳಿಯಾಳ ಅಥವಾ ಭಟ್ಕಳದ ಕಾಲೇಜುಗಳಲ್ಲಿ ಈ ಬಗೆಯ ಶಾಖೆಯೊಂದನ್ನು ಚೆನ್ನಾಗಿ ಓದಿ, ಕೆಳಗೆ ಹೇಳುವ ಅಭ್ಯಾಸಗಳನ್ನು ಜೊತೆಗಿಟ್ಟುಕೊಂಡವರು ಹಿಂದುಳಿಯಲಾರರು ಎಂದು ನಾನು ನಂಬುತ್ತೇನೆ. ಜೆಇಇ ಅಡ್ವಾನ್ಸ್ಡ್ ಬರೆಯುವವರು ತಿರುವನಂತಪುರದ ಐಐಎಸ್‌ಟಿ ಸಂಸ್ಥೆಯನ್ನು ಖಂಡಿತ ಪರಿಗಣಿಸಬೇಕು. 2007ರಲ್ಲಿ ಅಂತರಿಕ್ಷ ಇಲಾಖೆಯಡಿ ಆರಂಭವಾದ ಆ ಸಂಸ್ಥೆಯಲ್ಲಿ ಓದಿ ಶೈಕ್ಷಣಿಕ ಮಾನದಂಡ ಮುಟ್ಟಿದವರನ್ನು ಹುದ್ದೆಗಳ ಲಭ್ಯತೆಗೆ ತಕ್ಕಂತೆ ಇಸ್ರೋ ಸೇರಿಸಿಕೊಳ್ಳುತ್ತದೆ.

ನಾಲ್ಕನೆಯ ಹೆಜ್ಜೆ: ಪದವಿಯ ನಾಲ್ಕು ವರ್ಷಗಳಲ್ಲಿ ಮನೆಯಲ್ಲೇ ಮಾಡಬಹುದಾದ ಕೆಲಸ

ಇಡೀ ಮಾರ್ಗದಲ್ಲಿ ಇದೇ ಅತಿ ಮುಖ್ಯವಾದ ಭಾಗ, ಮತ್ತು ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ.

ಮೊದಲನೆಯದಾಗಿ ಸಾಪೇಕ್ಷ ಚಲನೆಯನ್ನು ಕಲಿಯಿರಿ. ಕಕ್ಷೆಯಲ್ಲಿ ಮುಂದಿರುವ ಉಪಗ್ರಹವನ್ನು ಹಿಡಿಯಲು ಮುಂದಕ್ಕೆ ಒತ್ತು ಕೊಟ್ಟರೆ ನಿಮ್ಮ ಕಕ್ಷೆ ಮೇಲೇರುತ್ತದೆ, ಮೇಲಿನ ಕಕ್ಷೆಯಲ್ಲಿ ಸುತ್ತು ನಿಧಾನವಾಗುತ್ತದೆ, ಹೀಗಾಗಿ ನೀವು ಗುರಿಯಿಂದ ಹಿಂದೆ ಬೀಳುತ್ತೀರಿ. ಈ ವಿಚಿತ್ರ ನಡವಳಿಕೆಯನ್ನು ಕ್ಲೋಹೆಸಿ ಮತ್ತು ವಿಲ್ಟ್‌ಶೈರ್ 1960ರಲ್ಲಿ ಪ್ರಕಟಿಸಿದ ಸರಳ ರೇಖೀಯ ಸಮೀಕರಣಗಳು ವಿವರಿಸುತ್ತವೆ. ಅವನ್ನು ಪೈಥಾನ್‌ನಲ್ಲಿ ಬರೆದು, ಹಿಂಬದಿಯಿಂದ ಬರುವ ದಾರಿಯನ್ನೂ ಕೆಳಗಿನಿಂದ ಏರಿಬರುವ ದಾರಿಯನ್ನೂ ಚಿತ್ರಿಸಿ ನೋಡಿ. ನಡುದಾರಿಯಲ್ಲಿ ಥ್ರಸ್ಟರ್ (ನೌಕೆಯನ್ನು ತಳ್ಳುವ ಸಣ್ಣ ಎಂಜಿನ್) ನಿಂತುಹೋದರೆ ನೌಕೆ ಗುರಿಗೆ ಬಡಿಯುತ್ತದೆಯೇ ಅಥವಾ ತಾನಾಗಿ ದೂರ ಸರಿಯುತ್ತದೆಯೇ ಎಂಬ ಪ್ರಶ್ನೆಯನ್ನು ಪ್ರತಿ ಚಿತ್ರಕ್ಕೂ ಕೇಳಿಕೊಳ್ಳಿ. ವೃತ್ತಿಯಲ್ಲಿ ಇರುವವರು ಮೊದಲು ಕೇಳುವ ಪ್ರಶ್ನೆಯೂ ಇದೇ.

ಎರಡನೆಯದಾಗಿ ಬಜೆಟ್ ಮಾಡುವುದನ್ನು, ಎಂದರೆ ಇಂಧನ, ವಿದ್ಯುತ್ ಮತ್ತು ಸಮಯದ ಲೆಕ್ಕ ಹಾಕಿ ಹಂಚುವುದನ್ನು ರೂಢಿಸಿಕೊಳ್ಳಿ. ಸೆಕೆಂಡಿಗೆ 7.6 ಕಿಲೋಮೀಟರ್ ವೇಗದಲ್ಲಿ ಸುತ್ತುವ ಉಪಗ್ರಹದ ಕಕ್ಷೆಯ ಸಮತಲವನ್ನು ಕೇವಲ 1 ಡಿಗ್ರಿ ತಿರುಗಿಸಲು ಸೆಕೆಂಡಿಗೆ ಸುಮಾರು 133 ಮೀಟರ್ ವೇಗಬದಲಾವಣೆ ಬೇಕು. 10 ಡಿಗ್ರಿಗೆ 1.3 ಕಿಲೋಮೀಟರಿಗೂ ಹೆಚ್ಚು. ಭೂಸ್ಥಿರ ಉಪಗ್ರಹವೊಂದು ಉತ್ತರ-ದಕ್ಷಿಣ ವಾಲದಂತೆ ನಿಲ್ಲಲು ಇಡೀ ವರ್ಷಕ್ಕೆ ಸೆಕೆಂಡಿಗೆ ಸುಮಾರು 50 ಮೀಟರಿನಷ್ಟು ವೇಗಬದಲಾವಣೆ ಸಾಕು. ವಾಣಿಜ್ಯ ಸೇವೆ ಮೊದಲು ಭೂಸ್ಥಿರ ಕಕ್ಷೆಯಲ್ಲೇ ಏಕೆ ಹುಟ್ಟಿತು ಎಂಬುದು ಈ ಅಂಕಿಗಳಲ್ಲೇ ಇದೆ: ಅಲ್ಲಿ ಎಲ್ಲ ಗಿರಾಕಿಗಳೂ ಹೆಚ್ಚುಕಡಿಮೆ ಒಂದೇ ಸಮತಲದಲ್ಲಿರುತ್ತಾರೆ. ಹಾಗೆಯೇ 475 ಕಿಲೋಮೀಟರ್ ಎತ್ತರದ ಕಕ್ಷೆಯ ಒಂದು ಸುತ್ತು ಸುಮಾರು 94 ನಿಮಿಷ, ಅದರಲ್ಲಿ ಹೆಚ್ಚೆಂದರೆ 36 ನಿಮಿಷ ಭೂಮಿಯ ನೆರಳು. ಆ ನೆರಳಿನ ಹೊತ್ತಿನಲ್ಲಿ ನಿಮ್ಮ ನೌಕೆಯ ಬ್ಯಾಟರಿ ಏನನ್ನೆಲ್ಲ ನಡೆಸಬೇಕು, ಕ್ಯಾಮೆರಾಕ್ಕೆ ಗುರಿ ಕಾಣದಿದ್ದರೆ ಯಾವ ಸಂವೇದಕ ನೆರವಿಗೆ ಬರುತ್ತದೆ, ನೆಲದ ನಿಲ್ದಾಣಕ್ಕೆ ನೌಕೆ ಕಾಣುವ ಹತ್ತು ನಿಮಿಷದಲ್ಲೇ ಡಾಕಿಂಗ್ ಮುಗಿಯಬೇಕೇ, ಇಂಥ ಪ್ರಶ್ನೆಗಳಿಗೆ ಒಂದು ಕೋಷ್ಟಕ ಬರೆಯಿರಿ ಮತ್ತು ಪ್ರತಿ ಸಾಲಿನಲ್ಲೂ ಎಷ್ಟು ಹೆಚ್ಚುವರಿ ಮೀಸಲಿಟ್ಟಿದ್ದೀರಿ, ಏಕೆ ಎಂದು ನಮೂದಿಸಿ. ಚೆನ್ನಾಗಿ ಸಮರ್ಥಿಸಿದ ಇಂಥ ಒಂದು ಕೋಷ್ಟಕವು ಸಂದರ್ಶನದಲ್ಲಿ ಹತ್ತು ಆನ್‌ಲೈನ್ ಪ್ರಮಾಣಪತ್ರಗಳಿಗಿಂತ ಹೆಚ್ಚು ಮಾತನಾಡುತ್ತದೆ.

ಲೆಕ್ಕಗಳನ್ನು ಪರಿಶೀಲಿಸಲು ನಾಸಾ ಮುಕ್ತವಾಗಿ ಕೊಟ್ಟಿರುವ ಜಿಮ್ಯಾಟ್ ತಂತ್ರಾಂಶವನ್ನೂ, ನೌಕೆಯ ದಿಕ್ಕು ನಿಯಂತ್ರಣವನ್ನು ಅನುಕರಿಸಲು ಕೊಲೊರಾಡೊ ವಿಶ್ವವಿದ್ಯಾಲಯದ ಬ್ಯಾಸಿಲಿಸ್ಕ್ ತಂತ್ರಾಂಶವನ್ನೂ ಬಳಸಬಹುದು, ಎರಡಕ್ಕೂ ಶುಲ್ಕವಿಲ್ಲ. ಯಲ್ಲಾಪುರ, ಜೊಯಿಡಾದ ಒಳಊರುಗಳಲ್ಲಿ ನೆಟ್‌ವರ್ಕ್ ಸಿಗುವುದು ದುಸ್ತರ ಮತ್ತು ಮಳೆಗಾಲದಲ್ಲಿ ಕರೆಂಟೂ ಹೋಗುತ್ತಿರುತ್ತದೆ. ಆದ್ದರಿಂದ ತಂತ್ರಾಂಶ, ಕೈಪಿಡಿ ಮತ್ತು ದತ್ತಾಂಶಗಳನ್ನು ಕಾಲೇಜಿನಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ಯುವುದು ಒಳ್ಳೆಯದು. ಮೇಲೆ ಹೇಳಿದ ಯಾವ ಲೆಕ್ಕಕ್ಕೂ ಸತತ ಇಂಟರ್‌ನೆಟ್ ಬೇಕಾಗುವುದಿಲ್ಲ.

ಮೂರನೆಯದು ಚಿತ್ರದಿಂದ ಸ್ಥಿತಿಯನ್ನು ಅಳೆಯುವ ಕೆಲಸ. ಸಹಕರಿಸದೆ ಉರುಳುತ್ತಿರುವ ಹಳೆಯ ಉಪಗ್ರಹ ಎಷ್ಟು ದೂರದಲ್ಲಿದೆ, ಯಾವ ಕಡೆ ಮುಖ ಮಾಡಿದೆ ಎಂಬುದನ್ನು ಒಂದೇ ಕ್ಯಾಮೆರಾದ ಚಿತ್ರದಿಂದ ಹೇಳಬಹುದೇ ಎಂಬುದು ಇಂದಿಗೂ ಬಿರುಸಾಗಿ ನಡೆಯುತ್ತಿರುವ ಸಂಶೋಧನೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಯುರೋಪಿನ ಬಾಹ್ಯಾಕಾಶ ಸಂಸ್ಥೆ 2019ರಲ್ಲಿ ಇದೇ ಪ್ರಶ್ನೆಯ ಮೇಲೆ ಸ್ಪರ್ಧೆ ನಡೆಸಿ, ಟ್ಯಾಂಗೋ ಉಪಗ್ರಹದ ಸಾವಿರಾರು ಚಿತ್ರಗಳ ಸ್ಪೀಡ್ ಎಂಬ ಸಂಗ್ರಹವನ್ನು ಮುಕ್ತವಾಗಿ ಬಿಡುಗಡೆ ಮಾಡಿದವು. ಕಂಪ್ಯೂಟರಿನಲ್ಲಿ ರಚಿಸಿದ ಚಿತ್ರಗಳ ಮೇಲೆ ತರಬೇತಾದ ನ್ಯೂರಲ್ ಜಾಲವು (ಚಿತ್ರ ಗುರುತಿಸಲು ಕಲಿಯುವ ತಂತ್ರಾಂಶ) ನಿಜವಾದ ಬೆಳಕಿನ ಚಿತ್ರಗಳ ಮುಂದೆ ಏಕೆ ಎಡವುತ್ತದೆ ಎಂಬುದನ್ನು ಅಂತಿಮ ವರ್ಷದ ಪ್ರಾಜೆಕ್ಟ್ ಆಗಿ ಎತ್ತಿಕೊಂಡರೆ, ಶಿರಸಿಯ ಮನೆಯೊಂದರಲ್ಲಿ ಕುಳಿತೇ ಜಗತ್ತಿನ ಸಂಶೋಧಕರ ಜೊತೆ ಅದೇ ದತ್ತಾಂಶದ ಮೇಲೆ ಕೆಲಸ ಮಾಡಿದಂತಾಗುತ್ತದೆ.

ಕೈಯಲ್ಲಿ ಯಂತ್ರ ಹಿಡಿಯುವ ಅನುಭವವೂ ಬೇಕು. ನಾಲ್ಕೈದು ಗೆಳೆಯರು ಸೇರಿ ಕ್ಯಾನ್‌ಸ್ಯಾಟ್ ಎಂಬ ಡಬ್ಬಿಯಷ್ಟು ಗಾತ್ರದ ಉಪಕರಣ ಕಟ್ಟಿ, ಪ್ರತಿಯೊಬ್ಬರೂ ಒಂದೊಂದು ಭಾಗವನ್ನು ಬೇರೆ ಬೇರೆ ಮನೆಗಳಲ್ಲಿ ತಯಾರಿಸಿ, ಇಂಟರ್‌ಫೇಸ್ ದಾಖಲೆಯೊಂದನ್ನೇ ನಂಬಿ ಕೊನೆಗೆ ಜೋಡಿಸಿ ನೋಡಿ. ಆ ಜೋಡಣೆಯ ದಿನ ಕಲಿಯುವುದನ್ನು ಯಾವ ಉಪನ್ಯಾಸವೂ ಕಲಿಸಲಾರದು. ಕಾರವಾರದ ಕಡಲ ತೀರದವರಿಗೆ ಪಶ್ಚಿಮದ ದಿಗಂತ ಪೂರ್ತಿ ತೆರೆದಿರುತ್ತದೆ. ಅಗ್ಗದ ಎಸ್‌ಡಿಆರ್ (ಕಂಪ್ಯೂಟರಿಗೆ ಜೋಡಿಸಿ ಬಳಸುವ ರೇಡಿಯೊ) ಗ್ರಾಹಕ ಮತ್ತು ಮನೆಯಲ್ಲೇ ಮಾಡಿದ ಆಂಟೆನಾದಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹವ್ಯಾಸಿ ರೇಡಿಯೊ ಸಂಕೇತವನ್ನು, ಅದು ಪ್ರಸಾರವಾಗುವ ಹೊತ್ತಿನಲ್ಲಿ, 145.800 ಮೆಗಾಹರ್ಟ್ಸ್‌ನಲ್ಲಿ ಕೇಳಬಹುದು. ನಿಲ್ದಾಣ ಹತ್ತಿರ ಬರುವಾಗಲೂ ದೂರ ಸರಿಯುವಾಗಲೂ ಆವರ್ತನ ಹೇಗೆ ಜಾರುತ್ತದೆ ಎಂದು ದಾಖಲಿಸಿದರೆ ಅದರಿಂದಲೇ ಕಕ್ಷೆಯ ಲೆಕ್ಕ ಹಾಕಲು ಸಾಧ್ಯ. ರಜೆಯ ತರಬೇತಿಗೆ ಕೈಗಾ ಅಣುಸ್ಥಾವರದಲ್ಲಿ ಅವಕಾಶ ಸಿಕ್ಕರೆ ಬಿಡಬೇಡಿ. ಅಲ್ಲಿಯ ಒಂದನೆಯ ಘಟಕ 2018ರ ಕೊನೆಯವರೆಗೆ 962 ದಿನ ನಿಲ್ಲದೆ ನಡೆದು ವಿಶ್ವದಾಖಲೆ ಮಾಡಿತ್ತು. ಕಾರ್ಯವಿಧಾನ, ದಾಖಲೆ ಪುಸ್ತಕ, ಬದಲಿ ವ್ಯವಸ್ಥೆ, ಸಣ್ಣ ವ್ಯತ್ಯಾಸವನ್ನೂ ಬರೆದಿಡುವ ಶಿಸ್ತು ಇವು ಉಪಗ್ರಹದ ಕೆಲಸಕ್ಕೂ ಹಾಗೇ ಸಲ್ಲುತ್ತವೆ.

ಐದನೆಯ ಹೆಜ್ಜೆ: ಉನ್ನತ ವ್ಯಾಸಂಗ ಮತ್ತು ಸಂಶೋಧನೆ

ಸಂಶೋಧನೆಯೇ ಗುರಿಯಾದರೆ ಗೇಟ್ ಪರೀಕ್ಷೆಯ ಮೂಲಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬೈ, ಕಾನ್ಪುರ, ಮದ್ರಾಸ್, ಖರಗ್‌ಪುರದ ಐಐಟಿಗಳ ಏರೋಸ್ಪೇಸ್ ವಿಭಾಗಗಳು ಅಥವಾ ಐಐಎಸ್‌ಟಿ ಸೇರಬಹುದು. ಸಂಸ್ಥೆಯ ಹೆಸರಿಗಿಂತ ಮಾರ್ಗದರ್ಶಕರ ಕೆಲಸವನ್ನು ನೋಡಿ ಆರಿಸಿ. ವಿದೇಶದಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯ ಬಾಹ್ಯಾಕಾಶ ರೋಬಾಟಿಕ್ಸ್‌ಗೆ, ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯ 2018ರ ರಿಮೂವ್‌ಡೆಬ್ರಿ ಪ್ರಯೋಗದಲ್ಲಿ ಬಲೆ ಬೀಸಿ ಕಸ ಹಿಡಿಯುವುದನ್ನು ತೋರಿಸಿದ ಕಾರಣಕ್ಕೆ ಪರಿಚಿತ. ಅಮೆರಿಕಕ್ಕೆ ಹೋಗುವವರು ಒಂದು ಸಂಗತಿಯನ್ನು ಸಾಲ ಮಾಡುವ ಮೊದಲೇ ತಿಳಿದಿರಬೇಕು: ಅಲ್ಲಿ ಬಾಹ್ಯಾಕಾಶ ತಂತ್ರಜ್ಞಾನವು ರಫ್ತು ನಿಯಂತ್ರಣ ಕಾನೂನುಗಳ ಅಡಿಯಲ್ಲಿ ಬರುವುದರಿಂದ, ಬಹುತೇಕ ನೌಕೆ ತಯಾರಿಕಾ ಕಂಪನಿಗಳು ಪೌರತ್ವ ಅಥವಾ ಕಾಯಂ ವಾಸದ ಅನುಮತಿ ಇಲ್ಲದವರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದಿಲ್ಲ. ಓದು ಸಾಧ್ಯ, ಅಧ್ಯಾಪನ ಸಾಧ್ಯ, ಉದ್ಯಮದ ಕೆಲಸ ಬಹಳ ಕಷ್ಟ. ಲಕ್ಷಗಟ್ಟಲೆ ಸಾಲ ಮಾಡಿ ಹೋಗುವ ಕುಟುಂಬಕ್ಕೆ ಇದು ಸಣ್ಣ ವಿಷಯವಲ್ಲ.

ಪ್ರಾಧ್ಯಾಪಕರಿಗೆ ಬರೆಯುವಾಗ ದೀರ್ಘ ಆತ್ಮಪರಿಚಯ ಬೇಡ. ಅವರ ಒಂದು ಪ್ರಬಂಧವನ್ನು ಓದಿ, ಅದರ ಒಂದು ಚಿತ್ರವನ್ನು ನಿಮ್ಮ ಸ್ವಂತ ಲೆಕ್ಕದಿಂದ ಮರುಸೃಷ್ಟಿಸಿ, ಎಲ್ಲಿ ಹೊಂದಿತು ಎಲ್ಲಿ ಹೊಂದಲಿಲ್ಲ ಎಂಬುದನ್ನು ಒಂದು ಪುಟದಲ್ಲಿ ಬರೆದು ಕಳಿಸಿ.

ಆರನೆಯ ಹೆಜ್ಜೆ: ಉದ್ಯೋಗ

ಉಪಗ್ರಹ ಕಟ್ಟುವ ಯು.ಆರ್. ರಾವ್ ಉಪಗ್ರಹ ಕೇಂದ್ರ, ಕಕ್ಷೆಯಲ್ಲಿನ ನೌಕೆಗಳನ್ನು ನಡೆಸುವ ಇಸ್ಟ್ರಾಕ್ ಮತ್ತು ಸಂವೇದಕಗಳನ್ನು ತಯಾರಿಸುವ ಲಿಯೋಸ್, ಮೂರೂ ಬೆಂಗಳೂರಿನಲ್ಲಿವೆ. ಭೂಸ್ಥಿರ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ ಹಾಸನದಲ್ಲಿದೆ. ಕಾರವಾರದಲ್ಲಿ ಸಂಜೆ ರೈಲು ಹತ್ತಿದರೆ ಬೆಳಿಗ್ಗೆ ತಲುಪುವ ಊರಿನಲ್ಲಿ ಇಷ್ಟೆಲ್ಲ ಇರುವುದು ನಮ್ಮ ಜಿಲ್ಲೆಯವರ ಅದೃಷ್ಟ. ಇಸ್ರೋದ ವಿಜ್ಞಾನಿ/ಎಂಜಿನಿಯರ್ ‘ಎಸ್‌ಸಿ’ ದರ್ಜೆಯ (ಇದು ಮೀಸಲು ವರ್ಗವಲ್ಲ, ಹುದ್ದೆಯ ಶ್ರೇಣಿಯ ಹೆಸರು) ಹುದ್ದೆಗೆ ಸಾಮಾನ್ಯವಾಗಿ ಪ್ರಥಮ ದರ್ಜೆಯ ಬಿಇ ಜೊತೆಗೆ ಒಟ್ಟಾರೆ 65 ಶೇಕಡಾ ಅಥವಾ 6.84 ಸಿಜಿಪಿಎ ಕೇಳುತ್ತಾರೆ, ವಯೋಮಿತಿ 28 ವರ್ಷ, ಮೀಸಲು ವರ್ಗಗಳಿಗೆ ಸಡಿಲಿಕೆ ಇರುತ್ತದೆ. ಮೊದಲ ಎರಡು ಸೆಮಿಸ್ಟರ್‌ಗಳಲ್ಲಿ ಅಂಕ ಬಿಟ್ಟುಕೊಟ್ಟವರು ಈ ಮಿತಿಯ ಹತ್ತಿರ ಬಂದು ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಲ ವರ್ಷದಿಂದಲೇ ಜಾಗ್ರತೆ ಅಗತ್ಯ.

ಖಾಸಗಿ ವಲಯ 2020ರಲ್ಲಿ ಖಾಸಗಿ ಬಾಹ್ಯಾಕಾಶ ಚಟುವಟಿಕೆಗಳಿಗೆ ಅನುಮತಿ ಕೊಡುವ ಇನ್‌ಸ್ಪೇಸ್ ಸಂಸ್ಥೆ ರಚನೆಯಾದ ನಂತರ ವಿಸ್ತಾರಗೊಂಡಿದೆ. ಸ್ಪೇಡೆಕ್ಸ್ ಉಪಗ್ರಹಗಳ ಜೋಡಣೆ ಮತ್ತು ಪರೀಕ್ಷೆ ಬೆಂಗಳೂರಿನಲ್ಲಿ ಅನಂತ್ ಟೆಕ್ನಾಲಜೀಸ್ ಕಂಪನಿಯ ಘಟಕದಲ್ಲೇ ನಡೆಯಿತು. ನೋದನದಲ್ಲಿ ಬೆಲ್ಲಾಟ್ರಿಕ್ಸ್ ಮತ್ತು ಮನಸ್ತು, ಕಕ್ಷೆಯಲ್ಲಿ ಇಂಧನ ತುಂಬುವ ಕೊಂಡಿಗಳಲ್ಲಿ ಆರ್ಬಿಟ್‌ಏಡ್, ಬಾಹ್ಯಾಕಾಶ ಕಸದ ಜಾಡು ಹಿಡಿಯುವುದರಲ್ಲಿ ದಿಗಂತರ ಕೆಲಸ ಮಾಡುತ್ತಿವೆ. ಸಣ್ಣ ಕಂಪನಿಯಲ್ಲಿ ಇಡೀ ನೌಕೆಯ ಬಜೆಟ್ ನಿಮ್ಮ ಕಣ್ಣೆದುರಿಗಿರುತ್ತದೆ, ಮೂರೇ ವರ್ಷದಲ್ಲಿ ಸಿಸ್ಟಮ್ಸ್ ಎಂಜಿನಿಯರಿಂಗ್‌ನ ಎಲ್ಲ ಮುಖಗಳೂ ಪರಿಚಯವಾಗುತ್ತವೆ. ಆದರೆ ಹೂಡಿಕೆ ನಿಂತರೆ ಕೆಲಸವೂ ನಿಲ್ಲುತ್ತದೆ. ಈ ಅನಿಶ್ಚಿತತೆ ಸಣ್ಣ ಕಂಪನಿಗಳಿಗಷ್ಟೇ ಸೀಮಿತವಲ್ಲ. ಕಕ್ಷೆಯಲ್ಲಿ ಇಂಧನ ತುಂಬಿಸಿ ತೋರಿಸಬೇಕಿದ್ದ ಒಸಾಮ್-1 ಯೋಜನೆಯನ್ನು ನಾಸಾ ವರ್ಷಗಟ್ಟಲೆ ಕೆಲಸ ನಡೆದ ಮೇಲೆ 2024ರಲ್ಲಿ ಕೈಬಿಡಲು ನಿರ್ಧರಿಸಿತು. ಹೀಗಿರುವಾಗ ನಿಯಂತ್ರಣ, ತಂತ್ರಾಂಶ ಅಥವಾ ಯಂತ್ರವಿನ್ಯಾಸದಲ್ಲಿ ಬೇರೆ ಉದ್ಯಮಗಳಿಗೂ ಸಲ್ಲುವ ಒಂದು ಗಟ್ಟಿ ಕೌಶಲ ಕೈಯಲ್ಲಿರಬೇಕೆಂಬ ಹಿಂದಿನ ಸಲಹೆಗೆ ಇನ್ನೊಂದು ಕಾರಣವೂ ಸಿಕ್ಕಂತಾಯಿತು. ಬೇಡಿಕೆಯಂತೂ ಕುಗ್ಗುವ ಸೂಚನೆ ಇಲ್ಲ: 2030ರ ಹೊತ್ತಿಗೆ ಭಾರತದ ಎಲ್ಲ ಬಾಹ್ಯಾಕಾಶ ಯೋಜನೆಗಳೂ ಕಸಮುಕ್ತವಾಗಬೇಕೆಂದು 2024ರಲ್ಲಿ ಇಸ್ರೋ ಘೋಷಿಸಿದೆ, ಮತ್ತು 2035ಕ್ಕೆ ಯೋಜಿಸಿರುವ ಭಾರತೀಯ ಅಂತರಿಕ್ಷ ನಿಲ್ದಾಣಕ್ಕೆ ಡಾಕಿಂಗ್ ಇಲ್ಲದೆ ಗತಿಯಿಲ್ಲ.

ಎಂಜಿನಿಯರಿಂಗ್ ಪದವಿ ಮಾಡಲಾಗದವರಿಗೂ ಈ ಕ್ಷೇತ್ರದಲ್ಲಿ ಗೌರವದ ಸ್ಥಾನವಿದೆ. ಡಿಪ್ಲೊಮಾ ಮುಗಿಸಿದವರನ್ನು ಟೆಕ್ನಿಕಲ್ ಅಸಿಸ್ಟೆಂಟ್ ಆಗಿಯೂ, ಐಟಿಐ ಮುಗಿಸಿದ ಫಿಟ್ಟರ್, ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಮೊದಲಾದವರನ್ನು ಟೆಕ್ನಿಷಿಯನ್ ಆಗಿಯೂ ಇಸ್ರೋ ಕೇಂದ್ರಗಳು ನೇಮಿಸಿಕೊಳ್ಳುತ್ತವೆ. ಸ್ವಚ್ಛ ಕೋಣೆಯಲ್ಲಿ ನೌಕೆಯ ತಂತಿಜಾಲ ಹೆಣೆಯುವುದು, ಬೆಸುಗೆ ಹಾಕುವುದು, ಕಂಪನ ಮತ್ತು ನಿರ್ವಾತ ಪರೀಕ್ಷೆಗೆ ಅದನ್ನು ಅಣಿಗೊಳಿಸುವುದು ಅವರ ಕೈಕೆಲಸ. ಈ ಅಧಿಸೂಚನೆಗಳು ಕೇಂದ್ರವಾರು ಬೇರೆ ಬೇರೆ ಸಮಯಕ್ಕೆ ಪ್ರಕಟವಾಗುವುದರಿಂದ, ಕೋರ್ಸಿನ ಕೊನೆಯ ವರ್ಷದಿಂದಲೇ ಪ್ರತಿ ಕೇಂದ್ರದ ಜಾಲತಾಣದ ನೇಮಕಾತಿ ಪುಟವನ್ನು ವಾರಕ್ಕೊಮ್ಮೆ ನೋಡುತ್ತಿರಿ, ಮತ್ತು ಅಂಕಪಟ್ಟಿ, ಜಾತಿ ಹಾಗೂ ಆದಾಯ ಪ್ರಮಾಣಪತ್ರ, ಟ್ರೇಡ್ ಪ್ರಮಾಣಪತ್ರಗಳನ್ನು ಸ್ಕ್ಯಾನ್ ಮಾಡಿ ಸಿದ್ಧವಾಗಿಟ್ಟುಕೊಳ್ಳಿ.